ಕಂಪ್ಯೂಟರಿನ ವಿಡಿಯೊ, ಟಿವಿ ಕೆಳಗಿನ ಕನ್ಸೋಲ್, ನಡುವೆ ಒಂದು ಕೇಬಲ್

ಪ್ಲೇಸ್ಟೇಷನ್ 3 ಮಾರುಕಟ್ಟೆಗೆ ಬಂದದ್ದು 2006ರ ನವೆಂಬರಿನಲ್ಲಿ. ಎಕ್ಸ್‌ಬಾಕ್ಸ್ 360 ಅದಕ್ಕಿಂತ ಒಂದು ವರ್ಷ ಹಿರಿದು. ಎರಡಕ್ಕೂ ಹೊಸ ಆಟ ಬರುವುದು ನಿಂತು ಬಹಳ ಕಾಲವಾಯಿತು. 360ರ ಆನ್‌ಲೈನ್ ಅಂಗಡಿಯನ್ನು ಮೈಕ್ರೋಸಾಫ್ಟ್ 2024ರ ಜುಲೈ 29ರಂದು ಮುಚ್ಚಿಯೂ ಬಿಟ್ಟಿತು. ಆದರೆ ಇವು ಇವತ್ತಿಗೂ ಚೊಕ್ಕವಾಗಿ ಮಾಡುವ ಕೆಲಸವೊಂದಿದೆ: ಮನೆಯ ಕಂಪ್ಯೂಟರಿನಲ್ಲಿರುವ ಮದುವೆ ವಿಡಿಯೊ, ಮಕ್ಕಳ ಶಾಲಾ ನಾಟಕ, ಪ್ರವಾಸದ ಫೋಟೊ, ಹಾಡುಗಳನ್ನು ಟಿವಿಗೆ ತರುವುದು. ಅದಕ್ಕೆ ಇಂಟರ್ನೆಟ್ ಬೇಡ, ಲಾಗಿನ್ ಬೇಡ, ತಿಂಗಳ ಚಂದಾ ಬೇಡ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಇದನ್ನು ತಾನಾಗಿ ಮಾಡಲಾರದು. ಅಂಗಡಿಯಿಂದ ಆ್ಯಪ್ ಇಳಿಸಿಕೊಂಡು, ಎಲ್ಲೋ ಒಂದು ಖಾತೆ ತೆರೆದು, ಆಮೇಲೆ ಪಕ್ಕದ ಕೋಣೆಯ ಕಂಪ್ಯೂಟರನ್ನು ಹುಡುಕಬೇಕು.

ಯಂತ್ರ ಬಲಿಯುತ್ತ ಹೋಯಿತು, ಮನೆಯೊಳಗಿನ ದಾರಿ ಕಿರಿದಾಗುತ್ತ ಬಂತು. ಇದಕ್ಕೆ ತಾಂತ್ರಿಕ ಅಡ್ಡಿ ಏನೂ ಇರಲಿಲ್ಲ. ಮೊದಲನೇ ಎಕ್ಸ್‌ಬಾಕ್ಸಿನ ಬೀಗ ಮುರಿದ ಹವ್ಯಾಸಿಗಳು 2002ರಲ್ಲೇ ಅದರ ಮೇಲೆ ಮೀಡಿಯಾ ಪ್ಲೇಯರ್ ಓಡಿಸಿದ್ದರು. ಅದೇ ಮುಂದೆ ಎಕ್ಸ್‌ಬಿಎಂಸಿ ಆಗಿ, 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡಿತು. ಅದರಿಂದ ಕವಲೊಡೆದದ್ದೇ ಪ್ಲೆಕ್ಸ್. ಸೋನಿ 2007ರ ಮೇ ತಿಂಗಳಲ್ಲಿ 1.80ನೇ ಫರ್ಮ್‌ವೇರ್ (ಕನ್ಸೋಲಿನ ಒಳ ತಂತ್ರಾಂಶ) ಕೊಟ್ಟಾಗ ಪಿಎಸ್3ಗೆ ಡಿಎಲ್‌ಎನ್‌ಎ, ಅಂದರೆ ಮನೆಯ ಸಾಧನಗಳು ವಿಡಿಯೊ, ಹಾಡು, ಫೋಟೊ ಹಂಚಿಕೊಳ್ಳುವ ನಿಯಮಾವಳಿ, ಸೇರಿತು. ಅದೇ ಡಿಸೆಂಬರಿನಲ್ಲಿ ಪಿಎಸ್3, 360 ಎರಡೂ ಡಿವ್‌ಎಕ್ಸ್ ಎಂಬ ವಿಡಿಯೊ ರೂಪವನ್ನು ಓದಲು ಕಲಿತವು. ಆಮೇಲೆ ಗಾಳಿ ತಿರುಗಿತು. 2013ರಲ್ಲಿ ಪಿಎಸ್4 ಡಿಎಲ್‌ಎನ್‌ಎ ಇಲ್ಲದೆಯೇ ಬಂತು. ಬಳಕೆದಾರರು ಗಲಾಟೆ ಮಾಡಿದ ಮೇಲೆ, 2015ರ ಜೂನಿನಲ್ಲಿ, ಒಂದು ಮೀಡಿಯಾ ಪ್ಲೇಯರ್ ಆ್ಯಪ್ ಸಿಕ್ಕಿತು. ಡಿಎಲ್‌ಎನ್‌ಎ ಕಟ್ಟಿದ ಕಂಪನಿಗಳ ಒಕ್ಕೂಟ 2003ರಲ್ಲಿ ಹುಟ್ಟಿ 2017ರ ಜನವರಿಯಲ್ಲಿ ಬಾಗಿಲು ಹಾಕಿತು. ನೋಡುಗರು ತಮ್ಮ ಫೈಲು ನೋಡುವುದಕ್ಕಿಂತ ಚಂದಾ ಕಟ್ಟಿ ನೋಡುವುದು ಕನ್ಸೋಲ್ ಮಾರುವವರಿಗೆ ಲಾಭ, ಅಷ್ಟೇ ಲೆಕ್ಕ ಎಂದು ನನ್ನ ಎಣಿಕೆ.

ಒಕ್ಕೂಟ ಹೋದರೂ ಅದರ ನಿಯಮಾವಳಿ ಸಾಯಲಿಲ್ಲ. ಅದು ನಿಂತಿರುವುದು ಮನೆಯ ನೆಟ್‌ವರ್ಕಿನ ಒಳಗೆ. ಹೊರಗಿನ ಯಾರ ಸರ್ವರ್ ಮುಚ್ಚಿದರೂ ಅದಕ್ಕೆ ಬಾಧೆಯಿಲ್ಲ.

ಒಳಗೆ ನಡೆಯುವುದೇನು

ಕನ್ಸೋಲಿನಲ್ಲಿ ಮೀಡಿಯಾ ಸರ್ವರ್, ಅಂದರೆ ಫೈಲು ಹಂಚುವ ಕಂಪ್ಯೂಟರ್ ತಂತ್ರಾಂಶ, ಹುಡುಕಲು ಹೇಳಿದಾಗ ಅದು 239.255.255.250 ಎಂಬ ಗುಂಪು ವಿಳಾಸಕ್ಕೆ, ಯುಡಿಪಿ 1900ನೇ ಪೋರ್ಟಿನಲ್ಲಿ, ಡಂಗುರ ಸಾರುತ್ತದೆ: ಇಲ್ಲಿ ಮೀಡಿಯಾ ಸರ್ವರ್ ಯಾರಾದರೂ ಇದ್ದೀರಾ? ಸರ್ವರ್ ಓಗೊಡುತ್ತದೆ. ಯಾರೂ ಕೇಳದಿದ್ದರೂ ಆಗಾಗ ತಾನೇ ಇದ್ದೇನೆಂದು ಸಾರಿಕೊಳ್ಳುತ್ತಲೂ ಇರುತ್ತದೆ. ಆ ಉತ್ತರದಲ್ಲಿ ಒಂದು ಎಕ್ಸ್‌ಎಂಎಲ್ ಫೈಲಿನ ವಿಳಾಸ ಇರುತ್ತದೆ. ಕನ್ಸೋಲ್ ಅದನ್ನು ಓದಿ, ಫೋಲ್ಡರುಗಳ ಪಟ್ಟಿ ಕೇಳಿ, ಪ್ರತಿ ಫೈಲಿನ ಜೊತೆ ಸರ್ವರ್ ಬರೆದಿರುವ ಚೀಟಿಯನ್ನು ನೋಡುತ್ತದೆ. ಇದು ಯಾವ ಬಗೆಯ ವಿಡಿಯೊ, ಮುಂದಕ್ಕೆ ಹಾರಬಹುದೇ, ಹಾರುವುದಾದರೆ ಬೈಟಿನ ಲೆಕ್ಕದಲ್ಲೋ ಸಮಯದ ಲೆಕ್ಕದಲ್ಲೋ ಎಂಬ ವಿವರ ಆ ಚೀಟಿಯಲ್ಲಿದೆ. ನಂತರ ನಡೆಯುವುದು ಮಾಮೂಲಿ ಎಚ್‌ಟಿಟಿಪಿ ಡೌನ್‌ಲೋಡು. ಇಷ್ಟನೇ ಬೈಟಿನಿಂದ ಕೊಡು ಎಂದು ಕನ್ಸೋಲ್ ಕೇಳುತ್ತದೆ, ಸರ್ವರ್ ಕೊಡುತ್ತದೆ.

ಇದರಲ್ಲಿ ಸರ್ವರಿಗೆ ಬುದ್ಧಿಯ ಕೆಲಸ ಏನೂ ಇಲ್ಲ ಎಂಬುದನ್ನು ಗಮನಿಸಿ. ವಿಡಿಯೊ ಬಿಡಿಸಿ ಚಿತ್ರ ಮಾಡುವ ಶ್ರಮ ಪೂರ್ತಿ ಕನ್ಸೋಲಿನದು. ಫೈಲು ಕನ್ಸೋಲಿಗೆ ಒಗ್ಗುವಂತಿದ್ದರೆ ಹದಿನೈದು ವರ್ಷ ಹಳೆಯ ಕಂಪ್ಯೂಟರ್ ಆದರೂ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆದರೂ ಸಾಕು. ಒಗ್ಗದಿದ್ದರೆ ಮಾತ್ರ ಸರ್ವರ್ ಅದನ್ನು ಕಳಿಸುತ್ತಿರುವಾಗಲೇ ಬೇರೆ ರೂಪಕ್ಕೆ ತಿರುಗಿಸಬೇಕು. ಇದೇ ಟ್ರಾನ್ಸ್‌ಕೋಡಿಂಗ್, ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಅಲ್ಲಿ. ಹಾಗಾಗಿ ಬಲವಾದ ಕಂಪ್ಯೂಟರ್ ಕೊಳ್ಳುವ ಮೊದಲು ಫೈಲುಗಳನ್ನು ಒಮ್ಮೆ ಹದ ಮಾಡಿಟ್ಟುಕೊಳ್ಳುವುದೇ ಜಾಣತನ ಎಂಬುದು ಈ ಬರಹದ ಪಕ್ಷ.

ಎಕ್ಸ್‌ಬಾಕ್ಸ್ 360 ಒಂದು ವಿಷಯದಲ್ಲಿ ಹಟಮಾರಿ. ಎದುರಿಗಿರುವ ಸರ್ವರ್ ವಿಂಡೋಸ್‌ನದೇ ಎಂದು ಅದಕ್ಕೆ ಅನಿಸಬೇಕು. ಮಾಡೆಲ್ ಹೆಸರಿನ ಜಾಗದಲ್ಲಿ ವಿಂಡೋಸ್ ಮೀಡಿಯಾ ಕನೆಕ್ಟ್ ಅಥವಾ ವಿಂಡೋಸ್ ಮೀಡಿಯಾ ಪ್ಲೇಯರ್ ಶೇರಿಂಗ್ ಎಂದು ಇರಬೇಕು, ಮೈಕ್ರೋಸಾಫ್ಟಿನ ಸ್ವಂತದ ಒಂದು ನೋಂದಣಿ ಸೇವೆಯೂ ಉತ್ತರ ಕೊಡಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಸರ್ವರ್ ಕಾಣುವುದೇ ಇಲ್ಲ. ಲಿನಕ್ಸಿನ ಮಿನಿಡಿಎಲ್‌ಎನ್‌ಎ, ಜಾವಾದಲ್ಲಿ ಬರೆದ ಯೂನಿವರ್ಸಲ್ ಮೀಡಿಯಾ ಸರ್ವರ್ ಮುಂತಾದವು 360 ಬಂದಿದೆ ಎಂದು ಗುರುತಿಸಿದ ಕೂಡಲೇ ಈ ವೇಷ ಹಾಕಿಕೊಳ್ಳುತ್ತವೆ. ಇಂಥ ಸುಳ್ಳು ಹೇಳಲು ಬಾರದ ಸರ್ವರುಗಳಿಂದ 360ಗೆ ಉಪಯೋಗವಿಲ್ಲ.

ಯಾವ ಸರ್ವರ್

ವಿಂಡೋಸ್ ಇದ್ದರೆ ಅದರೊಳಗೇ ಒಂದಿದೆ. ಕಂಟ್ರೋಲ್ ಪ್ಯಾನೆಲಿನಲ್ಲಿ ಮೀಡಿಯಾ ಸ್ಟ್ರೀಮಿಂಗ್ ಆಪ್ಷನ್ಸ್ ತೆರೆದು ಆನ್ ಮಾಡಿ, ಲೈಬ್ರರಿಗೆ ಫೋಲ್ಡರ್ ಸೇರಿಸಿದರೆ ಮುಗಿಯಿತು. ಫೋಟೊ, ಎಂಪಿ3, ಎಂಪಿ4ಗೆ ಇದು ಸಾಕು. ಎಂಕೆವಿ, ಸಬ್‌ಟೈಟಲ್ ಬೇಕಾದವರು ಯೂನಿವರ್ಸಲ್ ಮೀಡಿಯಾ ಸರ್ವರ್ ಹಾಕಿಕೊಳ್ಳಲಿ. ಹಿಂದೆ ಹೆಸರು ಮಾಡಿದ್ದ ಪಿಎಸ್3 ಮೀಡಿಯಾ ಸರ್ವರ್‌ನಿಂದ 2012ರಲ್ಲಿ ಕವಲೊಡೆದ ಇದು, ಒಂದೊಂದು ಕನ್ಸೋಲಿಗೂ ಅದು ಏನು ತಿನ್ನುತ್ತದೆ, ಏನು ಬಿಡುತ್ತದೆ ಎಂಬ ಪ್ರತ್ಯೇಕ ಫೈಲನ್ನು ಇಟ್ಟುಕೊಂಡಿದೆ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದುವುದೇ ಒಂದು ಪಾಠ.

ಲಿನಕ್ಸಿನವರಿಗೆ ಮಿನಿಡಿಎಲ್‌ಎನ್‌ಎ. ಮೆಮೊರಿ ಹೆಚ್ಚು ಕೇಳುವುದಿಲ್ಲ, ಟ್ರಾನ್ಸ್‌ಕೋಡ್ ಮಾಡುವುದೇ ಇಲ್ಲ. ಇರುವ ಫೈಲನ್ನು ಇದ್ದಂತೆ ಕೊಡುತ್ತದೆ. ಸಂರಚನಾ ಫೈಲಿನಲ್ಲಿ ಮೀಡಿಯಾ ಫೋಲ್ಡರಿನ ದಾರಿ, ಟಿವಿಯಲ್ಲಿ ಕಾಣಬೇಕಾದ ಹೆಸರು, ಪೋರ್ಟ್ 8200, ಇಷ್ಟು ಬರೆದರೆ ಆಯಿತು. ಇದು ಕೈಕೊಡುವ ರೀತಿ ಎರಡು. ಫೋಲ್ಡರಿಗೆ ಹೊಸ ಫೈಲು ಹಾಕಿದರೂ ಟಿವಿಯಲ್ಲಿ ಬರದಿರುವುದು ಒಂದು. ಬದಲಾವಣೆ ಗಮನಿಸಲು ಇದು ಲಿನಕ್ಸಿನ ಐನೋಟಿಫೈ ಸೌಲಭ್ಯವನ್ನು ಬಳಸುತ್ತದೆ, ಹಳೆಯ ಕರ್ನೆಲ್‌ಗಳಲ್ಲಿ ಅದರ ಮಿತಿ 8192 ಫೋಲ್ಡರು. ಹಾಡುಗಳನ್ನು ಆಲ್ಬಮ್ಮಿಗೊಂದು ಫೋಲ್ಡರಿನಂತೆ ಇಟ್ಟವರು ಇದನ್ನು ದಾಟಬಹುದು, ಆಗ ಮಿತಿ ಏರಿಸಬೇಕು. ಇನ್ನೊಂದು, ಕರೆಂಟು ಹೋಗಿ ಕಂಪ್ಯೂಟರ್ ದಿಢೀರನೆ ಆರಿದಾಗ ಪಟ್ಟಿಯ ಡೇಟಾಬೇಸ್ ಕೆಡುವುದು. ಫೈಲಿರುತ್ತದೆ, ಟಿವಿಯಲ್ಲಿ ಫೋಲ್ಡರ್ ಖಾಲಿ ಕಾಣುತ್ತದೆ. ಡೇಟಾಬೇಸನ್ನು ಮೊದಲಿಂದ ಕಟ್ಟುವ ಆಯ್ಕೆಯೊಡನೆ ಒಮ್ಮೆ ಚಾಲೂ ಮಾಡಿದರೆ ಸರಿಹೋಗುತ್ತದೆ. ಕರೆಂಟು ಹೋಗಿ ಬರುವ ಊರಿನಲ್ಲಿ ಸರ್ವರಿಗೊಂದು ಸಣ್ಣ ಯುಪಿಎಸ್ ಇರಲಿ.

ಪ್ಲೆಕ್ಸ್ ಮತ್ತು ಜೆಲ್ಲಿಫಿನ್ ಬೇರೆ ದಾರಿಯವು. ಪೋಸ್ಟರ್, ಕಥಾಸಾರ, ಎಲ್ಲಿಗೆ ಬಿಟ್ಟಿದ್ದೆವು ಎಂಬ ನೆನಪು ಎಲ್ಲ ಇರುತ್ತದೆ, ಆದರೆ ಕನ್ಸೋಲಿನಲ್ಲೂ ಅವುಗಳದೇ ಆ್ಯಪ್ ಬೇಕು. ಎರಡರಲ್ಲೂ ಡಿಎಲ್‌ಎನ್‌ಎ ಬಾಗಿಲು ಇದೆ. ಪ್ಲೆಕ್ಸಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು. ಜೆಲ್ಲಿಫಿನ್ನಿನಲ್ಲಿ 2024ರ 10.9ನೇ ಆವೃತ್ತಿಯಿಂದ ಅದು ಪ್ರತ್ಯೇಕ ಪ್ಲಗಿನ್. ಅಪ್‌ಡೇಟ್ ಮಾಡಿದ ಮೇಲೆ ಹಳೆ ಕನ್ಸೋಲಿನಲ್ಲಿ ಸರ್ವರ್ ಮಾಯವಾಯಿತೆಂದರೆ ಮೊದಲು ಈ ಪ್ಲಗಿನ್ ಇದೆಯೇ ನೋಡಿ.

ಸರ್ವರ್ ಕಾಣದಿದ್ದರೆ

ನಮ್ಮ ಕಡೆಯ ಮನೆಗಳಲ್ಲಿ ಅತಿ ಸಾಮಾನ್ಯ ಕಾರಣ ಎರಡು ರೂಟರ್. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯಲ್ಲೇ ವೈಫೈ ಇರುತ್ತದೆ. ಅದು ಒಳಗಿನ ಕೋಣೆಗೆ ಮುಟ್ಟುವುದಿಲ್ಲವೆಂದು ಇನ್ನೊಂದು ರೂಟರ್ ತಂದು ಅದರ ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿಗೆ ಕೇಬಲ್ ಸಿಕ್ಕಿಸಿರುತ್ತಾರೆ. ಈಗ ಮನೆಯಲ್ಲಿ ಎರಡು ನೆಟ್‌ವರ್ಕ್. ಕಂಪ್ಯೂಟರಿನ ವಿಳಾಸ 192.168.1 ಎಂದು ಶುರುವಾಗುತ್ತದೆ, ಕನ್ಸೋಲಿನದು 192.168.0 ಎಂದು. ಇಂಟರ್ನೆಟ್ ಎರಡರಲ್ಲೂ ಸರಾಗ. ಆದರೆ ಗುಂಪು ವಿಳಾಸಕ್ಕೆ ಹೋದ ಕರೆ ರೂಟರ್ ದಾಟುವುದಿಲ್ಲ. ಪರಿಹಾರ: ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಆಯ್ಕೆ ಇಲ್ಲದ ಹಳೇ ರೂಟರಾದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಸೇವೆ) ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಮೊದಲ ರೂಟರಿನ ಸಾಲಿನಲ್ಲೇ ಬೇರೊಂದು ಸಂಖ್ಯೆಗೆ ಬದಲಿಸಿ, ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ (ಮನೆಯ ಸಾಧನಗಳ) ಪೋರ್ಟಿಗೆ ಸಿಕ್ಕಿಸಿ.

ಎರಡನೆಯದು ವಿಂಡೋಸ್ ತನ್ನ ನೆಟ್‌ವರ್ಕನ್ನು ಪಬ್ಲಿಕ್ ಎಂದು ಭಾವಿಸಿರುವುದು. ಅದನ್ನು ಪ್ರೈವೇಟ್ ಮಾಡಿ. ಫೈರ್‌ವಾಲಿನಲ್ಲಿ ಯುಡಿಪಿ 1900, ಟಿಸಿಪಿ 2869, ವಿಂಡೋಸ್‌ನದೇ ಸರ್ವರ್ ಆದರೆ ಟಿಸಿಪಿ 10243 ತೆರೆದಿರಬೇಕು. ಕಂಪ್ಯೂಟರಿನಲ್ಲಿ ವಿಪಿಎನ್, ವರ್ಚುವಲ್‌ಬಾಕ್ಸ್, ಹೈಪರ್-ವಿ ಇದ್ದರೆ ಸರ್ವರ್ ತನ್ನ ಕರೆಯನ್ನು ಅವು ಸೃಷ್ಟಿಸಿದ ಕಾಲ್ಪನಿಕ ನೆಟ್‌ವರ್ಕ್ ಕಾರ್ಡಿನ ಮೂಲಕ ಹೊರಡಿಸಿ, ಯಾರೂ ಇಲ್ಲದ ಕಡೆ ಕೂಗುತ್ತಿರಬಹುದು. ಒಳ್ಳೆಯ ಸರ್ವರುಗಳಲ್ಲಿ ಯಾವ ನೆಟ್‌ವರ್ಕ್ ಕಾರ್ಡ್ ಬಳಸಬೇಕೆಂದು ಹೇಳುವ ಜಾಗ ಇರುತ್ತದೆ. ಅಲ್ಲಿ ನಿಜವಾದ ಕಾರ್ಡನ್ನು ಆರಿಸಿ.

ಶುರುವಿನಲ್ಲಿ ಕಂಡು, ಕೆಲ ನಿಮಿಷದ ಮೇಲೆ ಮಾಯವಾಗುವ ಸರ್ವರಿನ ಕಥೆ ಬೇರೆ. ಸ್ವಿಚ್ ಅಥವಾ ರೂಟರಿನಲ್ಲಿ ಐಜಿಎಂಪಿ ಸ್ನೂಪಿಂಗ್ (ಗುಂಪು ಕರೆಯನ್ನು ಸದಸ್ಯರಿಗಷ್ಟೇ ಕಳಿಸುವ ಸೌಲಭ್ಯ) ಆನ್ ಇದ್ದು, ಗುಂಪಿನ ಸದಸ್ಯರು ಯಾರೆಂದು ಆಗಾಗ ವಿಚಾರಿಸುವ ಕ್ವೆರಿಯರ್ ನೆಟ್‌ವರ್ಕಿನಲ್ಲಿ ಇಲ್ಲದಿದ್ದರೆ, ಸ್ವಿಚ್ ಸದಸ್ಯರ ಪಟ್ಟಿಯನ್ನು ಹಳತೆಂದು ಅಳಿಸಿ ಕರೆಗಳನ್ನು ತಡೆಯುತ್ತದೆ. ಮನೆಯ ಮಟ್ಟಿಗೆ ಸ್ನೂಪಿಂಗ್ ಆರಿಸಿಬಿಡುವುದೇ ಸರಳ. ಅತಿಥಿ ವೈಫೈಗೆ ಕನ್ಸೋಲ್ ಸೇರಿಸಿದ್ದರೆ, ಅಥವಾ ಎಪಿ ಐಸೊಲೇಷನ್ ಆನ್ ಇದ್ದರೆ, ಸಾಧನಗಳು ಒಂದನ್ನೊಂದು ನೋಡದಂತೆ ರೂಟರೇ ಗೋಡೆ ಕಟ್ಟಿರುತ್ತದೆ.

ಕಂಪ್ಯೂಟರ್ ನಿದ್ದೆಗೆ ಜಾರುವುದೂ ಒಂದು ಕಾಟ. ವಿಂಡೋಸ್ ಪವರ್ ಆಪ್ಷನ್ಸ್‌ನ ಮುಂದುವರಿದ ಸೆಟ್ಟಿಂಗುಗಳಲ್ಲಿ ಮಲ್ಟಿಮೀಡಿಯಾ ಸೆಟ್ಟಿಂಗ್ಸ್ ಎಂಬ ವಿಭಾಗವಿದೆ. ಅಲ್ಲಿ ಮೀಡಿಯಾ ಹಂಚುವಾಗ ಸುಮ್ಮನಿದ್ದರೂ ನಿದ್ದೆ ಹೋಗಬೇಡ ಎಂಬ ಆಯ್ಕೆ ಹಾಕಿ.

ಎಷ್ಟು ಅಗಲದ ದಾರಿ ಬೇಕು

ಲೆಕ್ಕ ಸರಳ. ಸೆಕೆಂಡಿಗೆ 8 ಮೆಗಾಬಿಟ್ ಎಂದರೆ 1 ಮೆಗಾಬೈಟ್. ಎರಡು ಗಂಟೆಯ ಸಿನಿಮಾ 7.2 ಜಿಬಿ ಇದ್ದರೆ ಅದರ ಸರಾಸರಿ ಹರಿವು 8 ಮೆಗಾಬಿಟ್. ಡಿವಿಡಿಯಲ್ಲಿ ವಿಡಿಯೊದ ಗರಿಷ್ಠ 9.8, ಬ್ಲೂರೇಯಲ್ಲಿ 40. ಅಂದರೆ 100 ಮೆಗಾಬಿಟ್ಟಿನ ಸಾದಾ ಕೇಬಲ್ ಬ್ಲೂರೇ ಮಟ್ಟದ ಫೈಲಿಗೂ ಧಾರಾಳ. 360ರ ಪೋರ್ಟು 100 ಮೆಗಾಬಿಟ್ಟಿನದೇ, ಪಿಎಸ್3ದು ಗಿಗಾಬಿಟ್.

ವೈಫೈಯಲ್ಲಿ ಕಥೆ ಹಾಗಿಲ್ಲ. ಪಿಎಸ್3ಯಲ್ಲಿರುವುದು 802.11ಜಿ ಎಂಬ ಹಳೇ ವೈಫೈ. ಪೆಟ್ಟಿಗೆಯ ಮೇಲೆ 54 ಎಂದು ಬರೆದಿದ್ದರೂ ಕೈಗೆ ಸಿಗುವುದು 20ರ ಆಸುಪಾಸು, ಅದೂ ರೂಟರ್ ಪಕ್ಕದಲ್ಲಿದ್ದರೆ. ಮೊದಲ ಮಾದರಿಯ ಪಿಎಸ್4 ಕೂಡ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು, 5 ಗಿಗಾಹರ್ಟ್ಸ್ ಬಂದದ್ದು ಸ್ಲಿಮ್ ಮತ್ತು ಪ್ರೊ ಮಾದರಿಗಳಲ್ಲಿ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಹತ್ತು ಮನೆಗಳ ವೈಫೈ ಅದೇ 2.4ರಲ್ಲಿ ಕಾದಾಡುತ್ತಿರುತ್ತದೆ. ಸರಾಸರಿ ಹರಿವು ಸಾಕಾದರೂ ಚಿತ್ರದಲ್ಲಿ ಮಳೆ, ಓಟ, ಜನಜಂಗುಳಿ ಬಂದ ಕ್ಷಣ ಹರಿವು ಎರಡು ಮೂರು ಪಟ್ಟು ಏರಿ, ಅಲ್ಲಿಗೇ ತಡವರಿಸುತ್ತದೆ. ಪ್ರತಿ ಸಲವೂ ಒಂದೇ ದೃಶ್ಯದಲ್ಲಿ ನಿಂತರೆ ಅದು ಈ ಏರಿಕೆಯ ಗುರುತು. ಎಲ್ಲೆಂದರಲ್ಲಿ ನಿಂತರೆ ವೈಫೈ ಗದ್ದಲ.

ಕೇಬಲ್ ಎಳೆಸಿಬಿಡಿ. ಕ್ಯಾಟ್5ಇ ಸಾಕು. ಎಂಟೂ ತಂತಿ ತುದಿಗೆ ಮುಟ್ಟಿದೆಯೇ ನೋಡಿ. ನಾಲ್ಕೇ ತಂತಿ ಕ್ರಿಂಪ್ ಮಾಡಿದರೆ 100ಕ್ಕೆ ನಿಲ್ಲುತ್ತದೆ, ಗಿಗಾಬಿಟ್ಟಿಗೆ ಎಂಟೂ ಬೇಕು.

ಕನ್ಸೋಲ್ ಏನು ತಿನ್ನುತ್ತದೆ

ಎಂಪಿ4, ಎಂಕೆವಿ, ಎವಿಐ ಎಂಬವು ಹೊರಗಿನ ಹೊದಿಕೆ, ಕಂಟೇನರ್. ಒಳಗಿರುವ ವಿಡಿಯೊ ಎಚ್.264ಓ, ಎಚ್‌ಇವಿಸಿಯೋ, ಆಡಿಯೊ ಎಎಸಿಯೋ, ಎಸಿ3ಯೋ ಎಂಬುದು, ಅಂದರೆ ಯಾವ ಬಗೆಯಲ್ಲಿ ಅದನ್ನು ಅಡಕಗೊಳಿಸಿದೆ ಎಂಬುದು, ಬೇರೆ ವಿಷಯ. ಕನ್ಸೋಲಿಗೆ ಎರಡೂ ಹಿಡಿಸಬೇಕು. ಎಷ್ಟೋ ಸಲ ಒಳಗಿನದು ಸರಿಯಿದ್ದು ಹೊದಿಕೆಯೊಂದೇ ಅಡ್ಡಿಯಾಗಿರುತ್ತದೆ. ಪಿಎಸ್3ಗೆ ಎಂಕೆವಿ ಬರುವುದಿಲ್ಲ, ಆದರೆ ಆ ಎಂಕೆವಿಯೊಳಗಿನ ಎಚ್.264 ಅದಕ್ಕೆ ಬಲು ಇಷ್ಟ. ಆಗ ಮಾಡಬೇಕಾದದ್ದು ರೀಮಕ್ಸ್: ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನಾ ತಂತ್ರಾಂಶಕ್ಕೆ ವಿಡಿಯೊವನ್ನು ಹಾಗೇ ನಕಲು ಮಾಡು, ಹೊದಿಕೆ ಮಾತ್ರ ಎಂಪಿ4ಗೆ ಬದಲಿಸು ಎಂದು ಹೇಳುವುದು. ಹೊಸದಾಗಿ ಎನ್‌ಕೋಡ್ ಆಗುವುದಿಲ್ಲ, ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ, ಎರಡು ಗಂಟೆಯ ಸಿನಿಮಾ ಡಿಸ್ಕಿನ ವೇಗದಲ್ಲಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ಮಿತಿಗಳು ಹೀಗಿವೆ. ಪಿಎಸ್3: ಎಚ್.264 ಹೈ ಪ್ರೊಫೈಲ್, ಲೆವೆಲ್ 4.1ರವರೆಗೆ. ಎಂಪಿ4, ಎವಿಐ, ಎಂಪೆಗ್-2 ಟಿಎಸ್ ಹೊದಿಕೆಗಳು ಸಲ್ಲುತ್ತವೆ, ಎಸಿ3 ಆಡಿಯೊ ಕೂಡ. 360: ಅದೇ ಲೆವೆಲ್ 4.1, ಆದರೆ ಗರಿಷ್ಠ 10 ಮೆಗಾಬಿಟ್, ಸೆಕೆಂಡಿಗೆ 30 ಫ್ರೇಮ್, ಆಡಿಯೊ ಎರಡೇ ಚಾನೆಲಿನ ಎಎಸಿ-ಎಲ್‌ಸಿ. ಆರು ಚಾನೆಲಿನ ಸದ್ದು ಬೇಕೆಂದರೆ ಎವಿಐ ಹೊದಿಕೆಯಲ್ಲಿ ಡಾಲ್ಬಿ ಡಿಜಿಟಲ್, ಆಗ ವಿಡಿಯೊ ಹಳೇ ಎಂಪೆಗ್-4, ಮಿತಿ 5 ಮೆಗಾಬಿಟ್ ಮತ್ತು 720ಪಿ. ಪಿಎಸ್4 ಎಂಕೆವಿಯನ್ನು ನೇರವಾಗಿ ಓದುತ್ತದೆ, ಎಚ್.264 ಲೆವೆಲ್ 4.2ರವರೆಗೆ, ಆಡಿಯೊ ಎಂಪಿ3, ಎಎಸಿ, ಎಸಿ3. ಡಿಟಿಎಸ್ ಆಡಿಯೊ ಇದ್ದರೆ ಚಿತ್ರ ಬರುತ್ತದೆ, ಸದ್ದಿಲ್ಲ. ಆಗಲೂ ವಿಡಿಯೊ ನಕಲು ಮಾಡಿ ಆಡಿಯೊ ಮಾತ್ರ ಎಸಿ3ಗೆ ತಿರುಗಿಸಿದರೆ ಸಾಕು.

ಲೆವೆಲ್ ಎಂಬ ಸಂಖ್ಯೆಯ ಹಿಂದೆ ಮೆಮೊರಿಯ ಲೆಕ್ಕವಿದೆ. ಎಚ್.264ನಲ್ಲಿ ಒಂದು ಫ್ರೇಮ್ ಹಿಂದುಮುಂದಿನ ಹಲವು ಫ್ರೇಮುಗಳನ್ನು ಆಧರಿಸಬಹುದು, ಅವನ್ನೆಲ್ಲ ಡಿಕೋಡರ್ ನೆನಪಿನಲ್ಲಿಡಬೇಕು. ಲೆವೆಲ್ 4.1ರಲ್ಲಿ 1080ಪಿ ಚಿತ್ರಕ್ಕೆ ಅಂಥ ರೆಫರೆನ್ಸ್ ಫ್ರೇಮ್ 4 ಮಾತ್ರ, 720ಪಿಗೆ 9. ಫೈಲು ಮಾಡಿದವರು ಗಾತ್ರ ಉಳಿಸಲು 8 ಅಥವಾ 16 ಹಾಕಿದ್ದರೆ ಪಿಎಸ್3ಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲವೇ ಫೈಲು ಕೆಟ್ಟಿದೆ ಎನ್ನುತ್ತದೆ. ಹೆಡರಿನಲ್ಲಿ ಸಂಖ್ಯೆ ತಿದ್ದಿ 4.1 ಎಂದು ಸುಳ್ಳು ಬರೆಯುವ ಉಪಾಯ ಹಲವರು ಹೇಳುತ್ತಾರೆ. ಒಳಗಿನ ಫ್ರೇಮುಗಳು ನಿಜಕ್ಕೂ ಮಿತಿಯೊಳಗಿದ್ದರೆ ಮಾತ್ರ ಅದು ನಡೆಯುತ್ತದೆ. ಜಪಾನಿನ ಅನಿಮೆ ಫೈಲುಗಳಲ್ಲಿ ಸಿಗುವ 10-ಬಿಟ್ ಎಚ್.264 ಇವುಗಳ ಡಿಕೋಡರಿಗೆ ಸಲ್ಲುವುದಿಲ್ಲ. ಹೊಸದಾಗಿ ಎನ್‌ಕೋಡ್ ಮಾಡದೆ ಬೇರೆ ದಾರಿಯಿಲ್ಲ.

ಒಂದೇ ಫೈಲು ಎಲ್ಲ ಕನ್ಸೋಲಿನಲ್ಲೂ ಓಡಬೇಕೆಂದರೆ ಈ ಹದ ಹಿಡಿಯಿರಿ: ಎಂಪಿ4 ಹೊದಿಕೆ, ಎಚ್.264 ಹೈ ಪ್ರೊಫೈಲ್, ಲೆವೆಲ್ 4.1, 8-ಬಿಟ್, ರೆಫರೆನ್ಸ್ ಫ್ರೇಮ್ 4, ಗರಿಷ್ಠ ಹರಿವು 10 ಮೆಗಾಬಿಟ್ಟಿನ ಒಳಗೆ, ಸ್ಟೀರಿಯೊ ಎಎಸಿ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಫಾಸ್ಟ್ 1080ಪಿ30 ಎಂಬ ಸಿದ್ಧ ಆಯ್ಕೆಯಿಂದ ಹೊರಟು, ಗುಣಮಟ್ಟದ ಸಂಖ್ಯೆಯನ್ನು 20ಕ್ಕೆ ಇಳಿಸಿ, ವೆಬ್ ಆಪ್ಟಿಮೈಸ್ಡ್ ಗುರುತು ಹಾಕಿದರೆ ಇದರ ಹತ್ತಿರಕ್ಕೆ ಬರುತ್ತದೆ. ಆ ಗುರುತು ಫೈಲಿನ ಸೂಚಿಯನ್ನು ಕೊನೆಯಿಂದ ಎತ್ತಿ ಮೊದಲಿಗೆ ಇಡುತ್ತದೆ. ಸೂಚಿ ಕೊನೆಯಲ್ಲಿದ್ದರೆ ಕನ್ಸೋಲ್ ಮೊದಲು ಅಲ್ಲಿಗೆ ಹೋಗಿ ಬಂದು ಆಮೇಲೆ ವಿಡಿಯೊ ಶುರುಮಾಡುತ್ತದೆ, ಕೆಲವು ಸರ್ವರುಗಳ ಜೊತೆ ಶುರುವೇ ಆಗುವುದಿಲ್ಲ.

ಮದುವೆ ಡಿವಿಡಿ, ಹಳೇ ವಿಸಿಡಿ, ಮೊಬೈಲಿನ ವಿಡಿಯೊ

ನಿಜವಾಗಿ ಮನೆಮಂದಿ ಮತ್ತೆ ಮತ್ತೆ ಕೇಳುವುದು ಇವನ್ನೇ, ಕೈಕೊಡುವುದೂ ಇವೇ.

ಮದುವೆ ಡಿವಿಡಿಯೊಳಗೆ 1 ಜಿಬಿಯ ತುಂಡುಗಳಾಗಿ ವಿಒಬಿ ಫೈಲುಗಳಿರುತ್ತವೆ. ಒಳಗೆ ಎಂಪೆಗ್-2, 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್ಲೇಸ್ಡ್ (ಬೆಸ, ಸಮ ಗೆರೆಗಳು ಸರದಿಯಲ್ಲಿ ಬರುವ ಚಿತ್ರ). ಪಿಎಸ್3 ಇದನ್ನು ಹಾಗೇ ಓಡಿಸುತ್ತದೆ, ಆದರೆ ತುಂಡು ತುಂಡಾಗಿ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಮುಂದಿನ ಫೈಲು ಹುಡುಕಬೇಕಾಗುತ್ತದೆ. ಮೇಕ್‌ಎಂಕೆವಿ ತಂತ್ರಾಂಶದಿಂದ ಇಡೀ ಟೈಟಲನ್ನು ಒಂದೇ ಫೈಲಾಗಿ ಹೊರತೆಗೆದು, ಅಲ್ಲಿಂದ ಎಂಪಿ4 ಮಾಡಿ. ಇದರಲ್ಲಿ ಎರಡು ಜಾಗದಲ್ಲಿ ಎಡವುತ್ತಾರೆ. ಇಂಟರ್ಲೇಸ್ ಬಿಡಿಸದೆ ಎನ್‌ಕೋಡ್ ಮಾಡಿದರೆ ಕೈ ಬೀಸಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಶಾಶ್ವತವಾಗಿ ಅಚ್ಚಾಗುತ್ತವೆ. ಬಿಡಿಸುವಾಗ ಸೆಕೆಂಡಿಗೆ 50 ಫ್ರೇಮ್ ಮಾಡಿಕೊಂಡರೆ ಚಲನೆ ಮೂಲದಷ್ಟೇ ನುಣುಪು, 360ಗೆ ಮಾತ್ರ 25ಕ್ಕೆ ನಿಲ್ಲಿಸಿ. ಎರಡನೆಯದು ಪಿಕ್ಸೆಲ್ಲಿನ ಆಕಾರ. ಡಿವಿಡಿಯ ಪಿಕ್ಸೆಲ್ ಚೌಕವಲ್ಲ. ಕೆಲವು ಪ್ಲೇಯರುಗಳು ಈ ಸೂಚನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಎಲ್ಲರ ಮುಖವೂ ಸೊರಗುತ್ತದೆ ಅಥವಾ ಊದಿಕೊಳ್ಳುತ್ತದೆ. 4:3 ವಿಡಿಯೊವನ್ನು 768×576ಕ್ಕೆ, 16:9 ಆದರೆ 1024×576ಕ್ಕೆ ಹಿಗ್ಗಿಸಿ, ಪಿಕ್ಸೆಲ್ ಚೌಕ ಮಾಡಿಬಿಡಿ.

ವಿಸಿಡಿಯ ಡ್ಯಾಟ್ ಫೈಲು ಎಂಪೆಗ್-1, 352×288, 1150 ಕಿಲೊಬಿಟ್. 700 ಎಂಬಿಯ ಡಿಸ್ಕಿನಲ್ಲಿ 800 ಎಂಬಿಯಷ್ಟು ವಿಡಿಯೊ ಹಿಡಿಸಿದ್ದು ದೋಷ ತಿದ್ದುವ ಹೆಚ್ಚುವರಿ ಬೈಟುಗಳನ್ನು ಬಿಟ್ಟುಕೊಟ್ಟು. ಅದಕ್ಕೇ ಸಣ್ಣ ಗೀರಿಗೂ ವಿಂಡೋಸ್ ನಕಲು ಅರ್ಧಕ್ಕೆ ನಿಲ್ಲುತ್ತದೆ. ಕೆಟ್ಟ ಜಾಗ ಬಿಟ್ಟು ಮುಂದೆ ಸಾಗುವ ತಂತ್ರಾಂಶದಲ್ಲಿ ಓದಿಸಿ, ಮೂಲವನ್ನು ಹಾಗೇ ಎತ್ತಿಟ್ಟು, ಆಮೇಲೆ ಎಂಪಿ4 ಮಾಡಿ. ಗಾತ್ರ ಹಿಗ್ಗಿಸಲು ಹೋಗಬೇಡಿ, ಆ ಕೆಲಸ ಟಿವಿಯೇ ಮಾಡಿಕೊಳ್ಳುತ್ತದೆ. ಹ್ಯಾಂಡಿಕ್ಯಾಮಿನ ಎಂಟಿಎಸ್ ಫೈಲುಗಳು ಪಿಎಸ್3ಗೆ ನೇರ ಸಲ್ಲುತ್ತವೆ, ಅದು ಸೋನಿಯದೇ ಪಾಲಿರುವ ಎವಿಸಿಎಚ್‌ಡಿ.

ಐಫೋನ್ 2017ರ ಐಒಎಸ್ 11ರಿಂದ ಎಚ್‌ಇವಿಸಿಯಲ್ಲಿ ಬರೆಯುತ್ತದೆ. ಪಿಎಸ್3, 360ಗೆ ಅದು ತಿಳಿಯದ ಭಾಷೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಮುಂದಿನ ವಿಡಿಯೊಗಳು ಎಚ್.264 ಆಗುತ್ತವೆ. ಮೊಬೈಲ್ ವಿಡಿಯೊಗಳ ಇನ್ನೊಂದು ದೋಷ ಏರಿಳಿಯುವ ಫ್ರೇಮ್ ದರ. ಬೆಳಕು ಕಡಿಮೆಯಾದಾಗ ಮೊಬೈಲ್ 30ರಿಂದ 24ಕ್ಕೆ ಇಳಿಯುತ್ತದೆ, ಟಿವಿಯಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಎನ್‌ಕೋಡ್ ಮಾಡುವಾಗ ಸ್ಥಿರ ಫ್ರೇಮ್ ದರ ಆರಿಸಿ. ಎಚ್‌ಡಿಆರ್‌ನಲ್ಲಿ ತೆಗೆದದ್ದು ಬೂದಿ ಬಳಿದಂತೆ ಕಂಡರೆ ಬಣ್ಣವನ್ನು ಎಸ್‌ಡಿಆರ್‌ಗೆ ಇಳಿಸುವ ಹಂತ ಬಿಟ್ಟುಹೋಗಿದೆ ಎಂದರ್ಥ.

ಕನ್ನಡ ಸಬ್‌ಟೈಟಲ್

ಪಕ್ಕದಲ್ಲಿ ಎಸ್‌ಆರ್‌ಟಿ ಸಬ್‌ಟೈಟಲ್ ಫೈಲು ಇಟ್ಟರೆ ಪಿಎಸ್3 ಆಗಲಿ 360 ಆಗಲಿ ನೋಡುವುದಿಲ್ಲ. ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಬೇಕು. ಇಂಗ್ಲಿಷಿಗೆ ಇದು ಸುಲಭ. ಕನ್ನಡದಲ್ಲಿ ಒತ್ತಕ್ಷರ ಕೂಡಿಸುವ ಕೆಲಸ ಇದೆ. ಎಫ್‌ಎಫ್‌ಎಂಪೆಗ್ ಬಳಸುವ ಲಿಬ್‌ಆಸ್ ಎಂಬ ಸಬ್‌ಟೈಟಲ್ ಬರೆಯುವ ಭಾಗ, ಹಾರ್ಫ್‌ಬಜ್ (ಅಕ್ಷರ ಕೂಡಿಸುವ ತಂತ್ರಾಂಶ) ಜೊತೆ ಕಟ್ಟಿದ್ದರೆ, ಅದನ್ನು ಸರಿಯಾಗಿ ಮಾಡುತ್ತದೆ. ಮೆನ್‌ಕೋಡರ್ ಎಂಬ ಇನ್ನೊಂದು ಪರಿವರ್ತಕದ ಹಳೇ ಅಕ್ಷರ ಬರೆಯುವ ಭಾಗಕ್ಕೆ ಇದು ಬಾರದು, ಒತ್ತುಗಳು ಬೇರ್ಪಟ್ಟು ಸಾಲಾಗಿ ನಿಲ್ಲುತ್ತವೆ. ಯೂನಿವರ್ಸಲ್ ಮೀಡಿಯಾ ಸರ್ವರಿನಲ್ಲಿ ಟ್ರಾನ್ಸ್‌ಕೋಡ್ ಎಂಜಿನ್‌ಗಳ ಪಟ್ಟಿಯಲ್ಲಿ ಎಫ್‌ಎಫ್‌ಎಂಪೆಗ್ ಮೇಲಿರಲಿ. ಫಾಂಟ್ ಹೆಸರನ್ನು ಸ್ಪಷ್ಟವಾಗಿ ಕೊಡಿ: ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಲಿನಕ್ಸಿನಲ್ಲಿ ನೋಟೊ ಸಾನ್ಸ್ ಕನ್ನಡ. ಫೈಲು ಯುಟಿಎಫ್-8ನಲ್ಲಿ ಇರಲಿ. ನುಡಿ, ಬರಹದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವಾದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು, ಇಲ್ಲದಿದ್ದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಕಳಿಸುತ್ತಿರುವಾಗಲೇ ತಿರುಗಿಸುವುದು

ಹದ ಮಾಡಿಡಲು ಪುರುಸೊತ್ತಿಲ್ಲದವರಿಗೆ ಟ್ರಾನ್ಸ್‌ಕೋಡಿಂಗ್ ಇದ್ದೇ ಇದೆ. ಇಂಟೆಲ್ ಚಿಪ್‌ಗಳಲ್ಲಿ 2011ರ ಸ್ಯಾಂಡಿ ಬ್ರಿಡ್ಜ್‌ನಿಂದ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ವಿಡಿಯೊ ಭಾಗವಿದೆ. 10-ಬಿಟ್ ಎಚ್‌ಇವಿಸಿ ಬೇಕಾದರೆ ಏಳನೇ ಪೀಳಿಗೆಯ ಕೇಬಿ ಲೇಕ್ ಅಥವಾ ಅದರ ನಂತರದ್ದು ಇರಲಿ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಚಿಪ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕ್ವಿಕ್ ಸಿಂಕೂ ಇಲ್ಲ.

ಇಲ್ಲಿ ಎಲ್ಲರೂ ದೂರುವುದು ಮುಂದೆ ಹಿಂದೆ ಹಾರಲಾಗುವುದಿಲ್ಲ ಎಂದು. ಕನ್ಸೋಲ್ ಕೇಳುವುದು ಇಷ್ಟನೇ ಬೈಟಿನಿಂದ ಕೊಡು ಎಂದು. ಇನ್ನೂ ತಯಾರಾಗುತ್ತಿರುವ ಫೈಲಿಗೆ ಒಟ್ಟು ಉದ್ದವೇ ಗೊತ್ತಿಲ್ಲ, ನಲವತ್ತನೇ ನಿಮಿಷ ಎಷ್ಟನೇ ಬೈಟಿಗೆ ಬರುತ್ತದೆಂದು ಸರ್ವರ್ ಹೇಗೆ ಹೇಳೀತು? ಅದಕ್ಕೇ ಯೂನಿವರ್ಸಲ್ ಮೀಡಿಯಾ ಸರ್ವರ್ ಟ್ರಾನ್ಸ್‌ಕೋಡ್ ಎಂಬ ಫೋಲ್ಡರಿನೊಳಗೆ ಸಿನಿಮಾವನ್ನು ನಿಮಿಷಗಳ ಲೆಕ್ಕದಲ್ಲಿ ಅಧ್ಯಾಯ ಮಾಡಿ ತೋರಿಸುತ್ತದೆ. ಬೇಕಾದ ಅಧ್ಯಾಯ ಒತ್ತಿದರೆ ಅಲ್ಲಿಂದಲೇ ಹೊಸದಾಗಿ ತಿರುಗಿಸತೊಡಗುತ್ತದೆ. ಪ್ಲೆಕ್ಸ್, ಜೆಲ್ಲಿಫಿನ್ ಆ್ಯಪ್‌ಗಳು ಸಮಯದ ಲೆಕ್ಕದಲ್ಲೇ ಕೇಳುವುದರಿಂದ ಅವಕ್ಕೆ ಈ ತಾಪತ್ರಯವಿಲ್ಲ. ಆ್ಯಪ್ ದಾರಿಯ ನಿಜವಾದ ಲಾಭ ನನ್ನ ದೃಷ್ಟಿಯಲ್ಲಿ ಇದೊಂದೇ, ಪೋಸ್ಟರುಗಳಲ್ಲ.

ಹೊಸ ಕನ್ಸೋಲಿನವರ ಆಯ್ಕೆ ಹೀಗೆ. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್‌ಗೆ ಕೋಡಿ, ವಿಎಲ್‌ಸಿ, ಪ್ಲೆಕ್ಸ್, ಜೆಲ್ಲಿಫಿನ್ ಎಲ್ಲವೂ ಅಂಗಡಿಯಲ್ಲಿವೆ. ನನ್ನನ್ನು ಕೇಳಿದರೆ ಕೋಡಿ. ಪಿಎಸ್5ಗೆ ಪ್ಲೆಕ್ಸ್. ಮನೆಯೊಳಗೆ ನೋಡಲು ಅದಕ್ಕೆ ದುಡ್ಡಿಲ್ಲ, ಮನೆಯ ಹೊರಗಿನಿಂದ ನೋಡಲು 2025ರ ಏಪ್ರಿಲ್ ಕೊನೆಯಿಂದ ಚಂದಾ ಬೇಕು. ಎರಡು ರೂಟರ್ ಇರುವ ಮನೆಯಲ್ಲಿ ಪಕ್ಕದ ಕೋಣೆಯೂ ಪ್ಲೆಕ್ಸಿಗೆ ಹೊರಗಿನದಾಗಿ ಕಾಣಬಹುದು, ಆದ್ದರಿಂದ ಮೇಲೆ ಹೇಳಿದ ರೂಟರ್ ರಿಪೇರಿ ಮೊದಲು ಮುಗಿಸಿ. ಪಿಎಸ್3ಯಲ್ಲಿ ಬ್ಲೂರೇಯಿಂದ ನಕಲಿಸಿದ ಸಿನಿಮಾದ ಸದ್ದು ಇಪ್ಪತ್ತು ನಿಮಿಷದ ಸುಮಾರಿಗೆ ಒಂದು ಸಂದೇಶ ತೋರಿಸಿ ನಿಂತರೆ, ಅದು 2009ರ 3.10ನೇ ಫರ್ಮ್‌ವೇರಿನಲ್ಲಿ ಸೇರಿದ ಸಿನಾವಿಯಾ ಎಂಬ, ಸದ್ದಿನೊಳಗೆ ಅಡಗಿಸಿದ ನಕಲು ತಡೆಯುವ ಗುರುತಿನ ಪತ್ತೆ. ಸರ್ವರಿನ ಸೆಟ್ಟಿಂಗಿಗೂ ಅದಕ್ಕೂ ಸಂಬಂಧವಿಲ್ಲ.

ಯಾವುದಾದರೂ ಫೈಲು ಓಡಲಿಲ್ಲವೆಂದರೆ ನೆಟ್‌ವರ್ಕನ್ನು ಬದಿಗಿಟ್ಟು ಅದನ್ನೇ ಪೆನ್‌ಡ್ರೈವಿಗೆ ಹಾಕಿ ಕನ್ಸೋಲಿಗೆ ಸಿಕ್ಕಿಸಿ. ಪಿಎಸ್3, 360ಗೆ ಫ್ಯಾಟ್32 ಬೇಕು, ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಪಿಎಸ್4 ಎಕ್ಸ್‌ಫ್ಯಾಟ್ ಕೂಡ ಓದುತ್ತದೆ. ಪೆನ್‌ಡ್ರೈವಿನಲ್ಲಿ ಓಡಿ ನೆಟ್‌ವರ್ಕಿನಲ್ಲಿ ಓಡದಿದ್ದರೆ ತಪ್ಪು ಸರ್ವರಿನದು ಅಥವಾ ದಾರಿಯದು. ಎರಡರಲ್ಲೂ ಓಡದಿದ್ದರೆ ಫೈಲಿನದು. ಆಗ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊ ತಂತ್ರಾಂಶದಲ್ಲಿ ಅದನ್ನು ತೆರೆದು ಹೊದಿಕೆ, ಪ್ರೊಫೈಲ್, ಲೆವೆಲ್, ರೆಫರೆನ್ಸ್ ಫ್ರೇಮ್, ಬಿಟ್ ಡೆಪ್ತ್, ಆಡಿಯೊ, ಈ ಆರು ಸಾಲುಗಳನ್ನು ಕನ್ಸೋಲಿನ ಮಿತಿಯ ಪಕ್ಕ ಇಟ್ಟು ನೋಡಿ. ಮೀರಿದ್ದು ಹೊದಿಕೆ ಅಥವಾ ಆಡಿಯೊ ಆದರೆ ಕೆಲವೇ ನಿಮಿಷದ ಕೆಲಸ. ಉಳಿದ ನಾಲ್ಕರಲ್ಲಿ ಯಾವುದಾದರೂ ಆದರೆ ಹ್ಯಾಂಡ್‌ಬ್ರೇಕಿಗೆ ಹಾಕಿ ರಾತ್ರಿ ಓಡಲು ಬಿಡಿ.